ಕೂಳೆ ಗದ್ದೆಯ ಕ್ಯಾಚು

ನಮ್ಮ ಬಳ್ಳಾರಿಯ ಗಲ್ಲಿ ಕ್ರಿಕೆಟ್ಟಿನಲ್ಲಿ ಅಂಪೈರ್ ಯಾವತ್ತೂ ಬ್ಯಾಟಿಂಗ್ ಟೀಮಿನವನೇ. ಔಟಾಗಿ ಬಂದವನೋ, ಕೊನೆಗೆ ಬ್ಯಾಟಿಂಗಿಗೆ ಇಳಿಯುವವನೋ ಹೋಗಿ ನಿಲ್ಲಬೇಕು. ಎಲ್‌ಬಿಡಬ್ಲ್ಯೂ ಇರೋದಿಲ್ಲ, ಇದ್ದರೆ ಕತ್ತಲಾಗೋದ್ರೊಳಗೆ ಮ್ಯಾಚ್ ಮುಗಿಯೋದಿಲ್ಲ. ಹೊರಗಿನವರಿಗೆ ಇದು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಕಾಣಬಹುದು. ಆದರೆ ಆರೇಳು ವರ್ಷ ಮುನಿಸಿಪಲ್ ಗ್ರೌಂಡಿನ ಧೂಳು ತಿಂದವನಾಗಿ ಹೇಳ್ತೀನಿ, ಆ ಪದ್ಧತಿ ನಡೀತಿತ್ತು. ಯಾಕಂದ್ರೆ ಮುಂದಿನ ಇನ್ನಿಂಗ್ಸಿನಲ್ಲಿ ಅಲ್ಲಿ ನಿಲ್ಲೋನು ಅವರ ಹುಡುಗ. ನೀನು ಒಂದು ಔಟ್ ನುಂಗಿದರೆ ಅವನು ಎರಡು ನುಂಗ್ತಾನೆ. ಆ ಹೆದರಿಕೆಯೇ ನಮ್ಮ ಥರ್ಡ್ ಅಂಪೈರ್.

ಆ ಪದ್ಧತಿ ಬಿಟ್ಟು, ‘ಯಾರ ಕಡೆಯವನೂ ಅಲ್ಲ’ ಅಂತ ಒಬ್ಬನನ್ನು ನಿಲ್ಲಿಸಿದ್ದು ನನಗೆ ಗೊತ್ತಿರೋ ಹಾಗೆ ಒಂದೇ ಸಲ. ಆ ಒಬ್ಬ ನಾನು.

2008ರ ಜನವರಿ. ನಾನು ಫಸ್ಟ್ ಪಿಯುಸಿ. ಸಿಡ್ನಿ ಟೆಸ್ಟ್ ನಡೀತಿತ್ತು. ಓದೋದಕ್ಕೆ ಎಬ್ಬಿಸಿದರೆ ಏಳದವನು ಅಲಾರಂ ಇಲ್ಲದೆ ಬೆಳಗಿನ ಜಾವ ಐದಕ್ಕೆ ಟಿವಿ ಮುಂದೆ ಕೂತಿರ್ತಿದ್ದೆ. ಆ ಟೆಸ್ಟ್ ನೋಡಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ಮೊದಲ ದಿನ ಸೈಮಂಡ್ಸ್ 30 ರನ್ ಮಾಡಿದ್ದಾಗ ಇಶಾಂತ್ ಬಾಲಿಗೆ ಎಡ್ಜ್ ಕೊಟ್ಟ, ಧೋನಿ ಹಿಡಿದ. ಕೌಲ್ ಬಜಾರಿನವರೆಗೂ ಕೇಳಿಸಿದ ಆ ಸದ್ದು ಸ್ಟೀವ್ ಬಕ್ನರ್‌ಗೆ ಮಾತ್ರ ಕೇಳಿಸಲಿಲ್ಲ. ಸೈಮಂಡ್ಸ್ 162 ಮಾಡಿ ಔಟಾಗದೆ ಉಳಿದ. ಕೊನೆಯ ದಿನ, ಜನವರಿ 6ರ ಭಾನುವಾರ, ನಮ್ಮ ದ್ರಾವಿಡ್ ಬ್ಯಾಟನ್ನು ಪ್ಯಾಡಿನ ಹಿಂದೆ ಬಚ್ಚಿಟ್ಟು ಆಡಿದ ಬಾಲು ಪ್ಯಾಡಿಗೆ ತಾಗಿ ಗಿಲ್‌ಕ್ರಿಸ್ಟ್ ಕೈ ಸೇರಿತು. ಬಕ್ನರ್ ಈ ಸಲ ಬೆರಳೆತ್ತಿದರು. ಇನ್ನೊಂದು ತುದಿಯಿಂದ ನಮ್ಮ ಕುಂಬ್ಳೆ 45 ರನ್ ಮಾಡಿ, ಔಟಾಗದೆ, ಒಬ್ಬೊಬ್ಬರೇ ಹೋಗೋದನ್ನ ನೋಡ್ತಾ ನಿಂತಿದ್ದರು. 122 ರನ್ನಿನಿಂದ ಸೋತೆವು.

ಆದರೆ ನನ್ನ ಹೊಟ್ಟೆ ಉರಿಸಿದ್ದು ಇವೆರಡೂ ಅಲ್ಲ, ಗಂಗೂಲಿ ಔಟಾದ ರೀತಿ. 51ಕ್ಕೆ ಆಡ್ತಿದ್ದ. ಬ್ರೆಟ್ ಲೀ ಬಾಲು, ಸ್ಲಿಪ್ಪಿನಲ್ಲಿ ಕ್ಲಾರ್ಕ್ ನೆಲದ ಮಟ್ಟದಲ್ಲಿ ಹಿಡಿದ. ಹಿಡಿದನೋ, ನೆಲಕ್ಕೆ ತಾಗಿತೋ? ಗಂಗೂಲಿ ಕದಲಲಿಲ್ಲ. ಅಂಪೈರ್ ಮಾರ್ಕ್ ಬೆನ್ಸನ್ ಟಿವಿ ಅಂಪೈರನ್ನು ಕೇಳಲಿಲ್ಲ, ಪಾಂಟಿಂಗ್ ಕಡೆ ನೋಡಿದರು. ಪಾಂಟಿಂಗ್ ಬೆರಳೆತ್ತಿದ, ಬೆನ್ಸನ್ನೂ ಎತ್ತಿದರು. ಇಂಥ ಕ್ಯಾಚುಗಳಲ್ಲಿ ಫೀಲ್ಡರ್ ಮಾತನ್ನು ನಂಬೋಣ ಅಂತ ಸರಣಿಗೆ ಮೊದಲೇ ಪಾಂಟಿಂಗ್ ಮತ್ತು ಕುಂಬ್ಳೆ ಒಪ್ಪಿಕೊಂಡಿದ್ದರಂತೆ. ನನಗೆ ಅದೆಲ್ಲ ಬೇಕಿರಲಿಲ್ಲ. ಹಿಡಿದವರನ್ನೇ ‘ಹಿಡಿದ್ರಾ?’ ಅಂತ ಕೇಳೋದು ಯಾವ ನ್ಯಾಯ? ಒಂದು ವಾರ ಕಾಲೇಜಿನಲ್ಲಿ, ಮನೆಯಲ್ಲಿ, ಮಿರ್ಚಿ ಅಂಗಡಿ ಮುಂದೆ ನನ್ನದು ಇದೇ ಭಾಷಣ. ಪರ್ತ್ ಟೆಸ್ಟಿನಿಂದ ಬಕ್ನರ್ ಅವರನ್ನು ತೆಗೆದರು ಅಂತ ಸುದ್ದಿ ಬಂದಾಗ, ‘ಬೆನ್ಸನ್ನ ಯಾಕ ಬಿಟ್ರು?’ ಅಂತ ಅಪ್ಪನ ಜೊತೆ ಜಗಳ ಆಡಿದ್ದೆ, ಅಪ್ಪನೇ ಐಸಿಸಿ ಅನ್ನೋ ಹಾಗೆ.

ಇದೇ ಬಿಸಿಯಲ್ಲಿ ಸಂಕ್ರಾಂತಿಗೆ ಸಿರುಗುಪ್ಪಕ್ಕೆ ಹೋದೆ. ಅದು ಅಮ್ಮನ ತವರು. ಬೆಳಿಗ್ಗೆ ಹೊಳೆ ಸ್ನಾನ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಮಧ್ಯಾಹ್ನ ಕುರುಗೋಡಿನ ಹುಡುಗರ ಜೊತೆ ಮ್ಯಾಚ್. ಎರಡನೇ ಬೆಳೆಗೆ ಇನ್ನೂ ನೀರು ಬಿಟ್ಟಿರದ ಒಂದು ಭತ್ತದ ಗದ್ದೆಯೇ ಗ್ರೌಂಡು. ಪಿಚ್ ಮಾತ್ರ ಕೆತ್ತಿ ಸಮ ಮಾಡಿದ್ದರು, ಉಳಿದ ಕಡೆಯೆಲ್ಲ ಕೂಳೆ. ಚಪ್ಪಲಿ ಹಾಕಿದ್ದರೂ ಚುಚ್ಚೋದು. ಐನೂರು ರೂಪಾಯಿ ಪಂದ್ಯ.

ಮೊದಲ ಇನ್ನಿಂಗ್ಸಿನಲ್ಲೇ ಒಂದು ರನ್‌ಔಟಿಗೆ ಕುರುಗೋಡಿನ ಅಂಪೈರ್ ಔಟ್ ಕೊಡಲಿಲ್ಲ ಅಂತ ಕಾಲರ್ ಹಿಡಿಯೋವರೆಗೆ ಹೋಯಿತು. ಆಮೇಲೆ ಯಾರೋ ಹಿರಿಯರು ರಾಜಿ ಮಾಡಿಸಿದರು: ‘ಬಳ್ಳಾರಿ ಹುಡುಗ ಅದಾನಲ್ಲ, ಅವ ನಿಲ್ಲಲಿ. ಅವಂಗ ಸಿರುಗುಪ್ಪನೂ ಅಷ್ಟ, ಕುರುಗೋಡೂ ಅಷ್ಟ.’ ನಾನು ಎದೆ ಉಬ್ಬಿಸಿಕೊಂಡು ಹೋಗಿ ನಿಂತೆ. ಸಿರುಗುಪ್ಪ ಟೀಮಿನ ಓಪನರ್ ನನ್ನ ಸೋದರಮಾವನ ಮಗ, ನನಗೆ ಭಾವ, ಅನ್ನೋದು ಆ ಹೊತ್ತಿಗೆ ಯಾರಿಗೂ ಲೆಕ್ಕಕ್ಕೆ ಬರಲಿಲ್ಲ. ಹಾಗಂತ ನಾನು ಅಂದುಕೊಂಡಿದ್ದೆ.

ಕೊನೆಯ ಓವರಿಗೆ ಒಂಬತ್ತು ರನ್ ಬೇಕು. ಭಾವ ಆಡ್ತಿದ್ದ. ಮೂರನೇ ಬಾಲು ಎತ್ತಿ ಹೊಡೆದ. ಲಾಂಗ್ ಆನಿನಿಂದ ಒಬ್ಬ ಹುಡುಗ, ಹದಿಮೂರು ಹದಿನಾಲ್ಕು ಇರಬಹುದು, ಅಣ್ಣನದೋ ಯಾರದೋ ದೊಡ್ಡ ಟೀ ಶರ್ಟ್ ಹಾಕಿಕೊಂಡವನು, ಓಡಿ ಬಂದು ಮುಂದಕ್ಕೆ ಹಾರಿದ. ನಾನು ತಿರುಗಿ ನೋಡಿದಾಗ ಕಣ್ಣಿಗೆ ಸಂಜೆ ಬಿಸಿಲು, ಮುಂದೆ ಧೂಳು. ಧೂಳಿನೊಳಗಿಂದ ಅವನು ಬಾಲ್ ಎತ್ತಿ ಹಿಡಿದು ಎದ್ದ. ಕುರುಗೋಡಿನವರು ಕುಣಿಯೋದಕ್ಕೆ ಶುರು ಮಾಡಿದರು. ಭಾವ ಕದಲಲಿಲ್ಲ. ನನ್ನನ್ನೇ ನೋಡ್ತಾ ನಿಂತ, ಥೇಟ್ ಗಂಗೂಲಿ.

ಹುಡುಗ ನನ್ನ ಹತ್ತಿರ ಓಡಿ ಬಂದ. ‘ಹಿಡ್ದೀನಣ್ಣ. ದೊಡ್ಡ ಬಸವೇಶ್ವರನ ಆಣೆ, ನೆಲಕ್ಕ ತಾಗಿಲ್ಲ.’

‘ಹಿಡಿದವನ ಮಾತ ಕೇಳಂಗಿಲ್ಲ’ ಅಂದೆ. ‘ಡೌಟ್ ಐತಿ. ಡೌಟ್ ಇದ್ರ ಬ್ಯಾಟ್ಸ್‌ಮನ್‌ಗೆ.’ ಕೈ ಅಡ್ಡಡ್ಡ ಆಡಿಸಿದೆ.

ಐದನೇ ಬಾಲಿಗೆ ಭಾವ ಫೋರ್ ಹೊಡೆದು ಮ್ಯಾಚ್ ಮುಗಿಸಿದ. ಕುರುಗೋಡಿನವರು ಐನೂರು ರೂಪಾಯಿ ನೆಲದ ಮೇಲಿಟ್ಟು ಹೋದರು, ಕೈಗೆ ಕೊಡಲಿಲ್ಲ. ನೀರು ಕುಡಿಯೋದಕ್ಕೆ ಅಂತ ಬೋರಿಂಗ್ ಹತ್ತಿರ ಹೋದೆ. ಆ ಹುಡುಗ ಒಬ್ಬನೇ ಒಂದು ಕೈಯಿಂದ ಹ್ಯಾಂಡಲ್ ಒತ್ತಿ ಇನ್ನೊಂದು ಕೈ ತೊಳೀತಿದ್ದ. ನಾನು ಹ್ಯಾಂಡಲ್ ಹಿಡಿದೆ. ಎರಡೂ ಕೈ ಚಾಚಿದ. ಅಂಗೈ ಏನೂ ಆಗಿರಲಿಲ್ಲ. ಹಿಂಗೈ, ಬೆರಳ ಗಿಣ್ಣುಗಳ ಮೇಲೆ, ಚರ್ಮ ಸುಲಿದು ರಕ್ತ. ಗಾಯದೊಳಗೆ ಕೂಳೆಯ ಚೂರು ಸಿಕ್ಕಿಕೊಂಡಿತ್ತು.

ಅಂದ್ರೆ ಬೆರಳುಗಳು ಬಾಲಿನ ಕೆಳಗಿದ್ದವು.

ನಾನು ನೀರು ಹೊಡೀತಾನೇ ಇದ್ದೆ. ಅವನೂ ಏನೂ ಅನ್ನಲಿಲ್ಲ. ಅವರ ಟೆಂಪೊ ಹಾರ್ನ್ ಮಾಡಿತು, ಓಡಿ ಹೋದ.

ಹದಿನೈದು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. 2023ರ ಜೂನ್‌ನಲ್ಲಿ ಓವಲ್‌ನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್. ಶನಿವಾರ, ಬಿಟಿಎಂ ಲೇಔಟಿನ ಗೆಳೆಯನ ಮನೆಯಲ್ಲಿ ಏಳೆಂಟು ಜನ. 444ರ ಚೇಸ್. ಗಿಲ್ 18ಕ್ಕೆ ಆಡ್ತಿದ್ದಾಗ ಬೋಲಂಡ್ ಬಾಲಿಗೆ ಎಡ್ಜ್, ಕ್ಯಾಮರಾನ್ ಗ್ರೀನ್ ಎಡಗೈಯಲ್ಲಿ ನೆಲದ ಹತ್ತಿರ ಎತ್ತಿಕೊಂಡ. ಥರ್ಡ್ ಅಂಪೈರ್ ರಿಚರ್ಡ್ ಕೆಟಲ್‌ಬರೋ ಹಲವು ಸಲ ನೋಡಿ ಔಟ್ ಅಂದರು. ನಮ್ಮ ಹಾಲ್‌ನಲ್ಲಿ ಗಲಾಟೆಯೋ ಗಲಾಟೆ. ಗಿಲ್ ಭೂತಗನ್ನಡಿ ಎಮೋಜಿ ಹಾಕಿ ಪೋಸ್ಟ್ ಮಾಡಿದ, ಅದಕ್ಕೆ ಮ್ಯಾಚ್ ಫೀಯ 15 ಪರ್ಸೆಂಟ್ ದಂಡ ಬಿತ್ತು.

ಮದುವೆ ಫೋಟೋಗ್ರಫಿ ಮಾಡೋ ಗೆಳೆಯನೊಬ್ಬ ಮಾತ್ರ ಕೂಗಾಡಲಿಲ್ಲ. ‘ದೂರದಿಂದ ಜೂಮ್ ಹಾಕಿ ತೆಗೆದ್ರೆ ಆಳ ಹೋಗಿಬಿಡುತ್ತೆ ಕಣ್ರೋ. ಬಾಲಿನ ಕೆಳಗಿರೋ ಬೆರಳು ಹುಲ್ಲಿನ ಜೊತೆ ಸೇರಿ ಕಾಣಿಸೋದೇ ಇಲ್ಲ. ಹಿಡಿದಿದ್ದೂ ಹಿಡಿಯದ ಹಾಗೆ ಕಾಣುತ್ತೆ’ ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಟಿವಿ ಹತ್ತಿರ ಹೋಗಿ ಗ್ರೀನ್‌ನ ಹಿಂಗೈ ಕಾಣುತ್ತಾ ಅಂತ ನೋಡ್ತಿದ್ದೆ. ಯಾವ ಕ್ಯಾಮೆರಾನೂ ಹಿಂಗೈ ತೋರಿಸಲಿಲ್ಲ.

ಒಂದು ತಮಾಷೆ ಕೇಳಿ. ಆ ಫೈನಲ್ಲಿಗೆ ಸ್ವಲ್ಪ ದಿನ ಮುಂಚೆಯಷ್ಟೇ ಐಸಿಸಿ ‘ಸಾಫ್ಟ್ ಸಿಗ್ನಲ್’ ತೆಗೆದುಹಾಕಿತ್ತು. ಅಂದ್ರೆ ಮೈದಾನದ ಅಂಪೈರ್ ಮೊದಲು ತನಗೆ ಅನಿಸಿದ್ದನ್ನು ಹೇಳಿ ಆಮೇಲೆ ಮೇಲಕ್ಕೆ ಕಳಿಸೋದು ಬಂದ್, ಪೂರ್ತಿ ತೀರ್ಮಾನ ಟಿವಿ ಅಂಪೈರ್‌ದು. ಅದು ಬೇಡ ಅಂತ ಶಿಫಾರಸು ಮಾಡಿದ ಕಮಿಟಿಯ ಅಧ್ಯಕ್ಷ ಯಾರು ಗೊತ್ತಾ? ಸೌರವ್ ಗಂಗೂಲಿ. ಸಿಡ್ನಿಯಲ್ಲಿ ಪಾಂಟಿಂಗ್ ಬೆರಳಿಗೆ ಔಟಾದವನು.

ಮರುವರ್ಷ ಜೂನ್ 29, ಬಾರ್ಬಡೋಸ್. ಕೊನೆಯ ಓವರಿನಲ್ಲಿ 16 ಬೇಕು, ಮೊದಲ ಬಾಲಿಗೇ ಮಿಲ್ಲರ್ ಹೊಡೆದದ್ದನ್ನು ಸೂರ್ಯಕುಮಾರ್ ಗೆರೆಯ ಆಚೆ ಈಚೆ ಜಿಗಿದು ಹಿಡಿದ. ಅವತ್ತೂ ಟಿವಿ ಅಂಪೈರ್ ಅದೇ ಕೆಟಲ್‌ಬರೋ. ಹಗ್ಗ ಸರಿದಿತ್ತು, ಶೂ ತಾಗಿತ್ತು ಅಂತ ಸೌತ್ ಆಫ್ರಿಕಾದವರು ವಾರಗಟ್ಟಲೆ ಫೋಟೋ ಹಾಕಿದರು. ಓವಲ್‌ನ ಹುಲ್ಲಿನ ಒಂದೊಂದು ಎಸಳು ಎಣಿಸಿದ್ದ ನಮ್ಮ ಬಿಟಿಎಂ ಬಳಗಕ್ಕೆ ಈ ಸಲ ಹಗ್ಗವೇ ಕಾಣಲಿಲ್ಲ. ನನಗೂ ಕಾಣಲಿಲ್ಲ ಅನ್ನಿ. ಡಲ್ಲಾಸಿನಲ್ಲಿರೋ ಗೆಳೆಯನೊಬ್ಬ, 2015ರ ಜನವರಿಯಲ್ಲಿ ಅಲ್ಲಿನ ಫುಟ್‌ಬಾಲಿನಲ್ಲಿ ಡೆಜ್ ಬ್ರಯಂಟ್ ಹಿಡಿದದ್ದನ್ನು ಕ್ಯಾಚ್ ಅಲ್ಲ ಅಂದಿದ್ದಕ್ಕೆ ಅವನ ಆಫೀಸಿನವರು ಇವತ್ತಿಗೂ ಬೈತಾರೆ ಅಂತಾನೆ. ಮೂರು ವರ್ಷ ಆದಮೇಲೆ ಆ ನಿಯಮವನ್ನೇ ತಿದ್ದಿದರು. ಆದರೂ ಬೈಗುಳ ನಿಂತಿಲ್ಲವಂತೆ.

ಹೋದ ವರ್ಷ ದೊಡ್ಡ ಬಸವೇಶ್ವರನ ತೇರಿಗೆ ಕುರುಗೋಡಿಗೆ ಹೋಗಿದ್ದೆ. ಗೊಬ್ಬರದ ಅಂಗಡಿ ಮುಂದೆ ನಿಂತವನನ್ನು ನೋಡಿದ ಕೂಡಲೇ ಗುರುತು ಸಿಗಲಿಲ್ಲ, ಜೊತೆಗಿದ್ದವರು ಹೇಳಿದ ಮೇಲೆ ಸಿಕ್ಕಿತು. ಈಗ ಸಣ್ಣ ಹೊಟ್ಟೆ, ಜೇಬಿನಲ್ಲಿ ಎರಡು ಫೋನು. ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದ. ನಾನು ತಡೆಯಲಾರದೆ ಬಾಯಿ ಬಿಟ್ಟೆ. ಕ್ಯಾಚು, ಬೋರಿಂಗು, ಹಿಂಗೈ, ಎಲ್ಲ.

ಅವನು ನಕ್ಕ. ‘ನೆನಪೈತಿ ಬಿಡ್ರಣ್ಣ. ಆ ಬ್ಯಾಟ್ಸ್‌ಮನ್ ನಿಮ್ಮ ಮಾವನ ಮಗ ಅಲ್ಲೇನ್ರಿ? ಬೆಳಿಗ್ಗೆ ಅವರ ಗಾಡಿ ಮ್ಯಾಲ ನೀವು ಬಂದಿದ್ದು ನೋಡಿದ್ವಿ. ಮನಿ ಮಂದಿ ಅಂದಮ್ಯಾಲ ಅಷ್ಟ ಮತ್ತ. ನಾವಾಗಿದ್ರೂ ಹಂಗ ಕೊಡ್ತಿದ್ವಿ.’

ಬೈದಿದ್ದರೆ ತಡ್ಕೋತಿದ್ದೆ. ‘ಅದಕ್ಕಲ್ಲಪ್ಪ’ ಅಂತ ಶುರು ಮಾಡಿದೆ. ಸಿಡ್ನಿ, ಬೆನ್ಸನ್, ಪಾಂಟಿಂಗ್, ಹಿಡಿದವನ ಮಾತು ಯಾಕೆ ಕೇಳಬಾರದು, ಎಲ್ಲ ವಿವರಿಸಿದೆ. ಗಿರಾಕಿಯೊಬ್ಬ ಬಂದು ಯೂರಿಯಾ ರೇಟು ಕೇಳಿ ಹೋದ. ಅವನು ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡ.

‘ಹಂಗಾದ್ರ ಒಂದು ಹೇಳ್ರಿ. ಅವತ್ತು ಬ್ಯಾಟ್ ಮಾಡ್ತಿದ್ದವ ನಮ್ಮ ಹುಡುಗ ಆಗಿದ್ದು, ಕ್ಯಾಚ್ ಹಿಡಿದವ ನಿಮ್ಮ ಭಾವ ಆಗಿದ್ರ?’

ನಾನು ಮಿರ್ಚಿಯ ತೊಟ್ಟು ಹಿಡಿದುಕೊಂಡು ಕೂತೆ. ತೇರಿನ ಡೊಳ್ಳು ಹತ್ತಿರ ಬರ್ತಿತ್ತು.

‘ಗೊತ್ತಿಲ್ಲಪ್ಪ’ ಅಂದೆ.

ಮಂಡಕ್ಕಿ ಪ್ಲೇಟನ್ನು ನನ್ನ ಕಡೆ ಸರಿಸಿದ. ‘ತಿನ್ರಿ, ಮೆತ್ತಗಾಗ್ತಾವ.’