ಲೆನ್ಸಿಗೆ ಹೊಳಿ ನೀರು ಆಗೂದಿಲ್ಲ

ಹೋದ ದೀಪಾವಳಿ ಮುಗಿದ ವಾರ ಬನಹಟ್ಟಿಯಿಂದ ಕಾಕಾನ ಮಗಳ ಫೋನ್ ಬಂತು. ನಾವು ಆಗ ಮುಧೋಳದಲ್ಲಿ ಕಬ್ಬಿನ ದರದ ಧರಣಿ ಸುದ್ದಿಗೆ ಹೋಗಿದ್ದೆವು. ಮೈಕಿನ ಸದ್ದಿಗೆ ಕೇಳಿಸದೆ ಒಂದು ಗಿಡದ ಹಿಂದೆ ಹೋಗಿ ನಿಂತೆವು.

"ಅಣ್ಣಾ, ನೀ ಮೊದಲ ಲೆನ್ಸ್ ಹಾಕೋತಿದ್ದೆಲ್ಲ, ಅದನ್ನ ಹಾಕ್ಕೊಂಡ್ರ ನಂಬರ್ ಐತಿ ಅಂತ ಎದುರಿನವ್ರಿಗೆ ಗೊತ್ತಾಗತೈತೇನು?"

"ಗೊತ್ತಾಗೂದಿಲ್ಲ. ಯಾಕವಾ?"

"ಬರೂ ಐತವಾರ ನೋಡಾಕ ಬರಾಕತ್ತಾರ. ಅವ್ವ ಚಸ್ಮಾ ತೆಗದಿಡು ಅಂತಾಳ. ತೆಗದ್ರ ಚಾದ ತಾಟು ಯಾರ ಮುಂದ ಹಿಡೀಲಿ ನಾ?"

ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ನಮಗೆ ನಗು ಬರಲಿಲ್ಲ. ನಮ್ಮ ಬಲಗಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಕಲೆ ಇದೆ. ಅದು ಲೆನ್ಸ್ ಹಾಕಿಕೊಂಡಿದ್ದರ ಗುರುತು.

(ಹೊಸದಾಗಿ ಓದುವವರಿಗೆ: 'ನಾವು' ಅಂದರೆ ನಾವೊಬ್ಬರೇ. ಸುದ್ದಿ ಬರೆದೂ ಬರೆದೂ ಅಂಟಿದ ಚಟ. ಮನೆಯಲ್ಲಿ ಹೀಗೇ ಮಾತಾಡಿದರೆ, ಎಷ್ಟು ಮಂದಿಗೆ ರೊಟ್ಟಿ ಬಡೀಲಿ ಎಂದು ಹೆಂಡತಿ ಕೇಳುತ್ತಾಳೆ.)

ನಮಗೆ ಚಸ್ಮಾ ಬಂದದ್ದು ಏಳನೇ ಇಯತ್ತೆಯಲ್ಲಿ. ಊರಲ್ಲಿ ಆಗ ಚಸ್ಮಾ ಅಂದರೆ ಮುದುಕರ ಸಾಮಾನು. ಅದಕ್ಕೂ ಒಂದು ಕಾರಣವಿದೆ. ನಮ್ಮ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಹಾಕಿ ಕಣ್ಣಿನ ಪೊರೆ ತೆಗೆದವರು. ಒಂದೇ ದಿನ 833 ಆಪರೇಷನ್ ಮಾಡಿದ ಲೆಕ್ಕ ಗಿನ್ನೆಸ್ ಪುಸ್ತಕದಲ್ಲಿ ಇತ್ತು. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಕಣ್ಣೊಳಗೆ ಮಸೂರ ಕೂಡಿಸುತ್ತಿರಲಿಲ್ಲ, ಸೋಡಾ ಬಾಟ್ಲಿ ತಳದಂಥ ದಪ್ಪ ಗಾಜಿನ ಚಸ್ಮಾ ಕೊಡುತ್ತಿದ್ದರು. ಅಂಥ ಚಸ್ಮಾ ಹಾಕಿದ ಅಜ್ಜ-ಅಜ್ಜಿಯರನ್ನು ಕಟ್ಟೆಯ ಮೇಲೆ ನೋಡಿ ಬೆಳೆದ ಮಂದಿಗೆ, ಹನ್ನೆರಡು ವರ್ಷದ ಹುಡುಗನ ಮೂಗಿನ ಮೇಲೆ ಅದು ಕಂಡರೆ ನಗು. ಹುಡುಗಿ ಮೂಗಿನ ಮೇಲೆ ಕಂಡರೆ ಚಿಂತೆ.

ನಾವು ಲೆನ್ಸಿಗೆ ಹೋದದ್ದು 2018ರಲ್ಲಿ. ಅಂದಕ್ಕಲ್ಲ, ಬೈಕಿಗೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಎಂದು ದಿನಕ್ಕೆ ನೂರು ಕಿಲೋಮೀಟರ್ ತಿರುಗುವವರಿಗೆ ಹೆಲ್ಮೆಟ್ ಒಳಗೆ ಚಸ್ಮಾ ದೊಡ್ಡ ತಾಪತ್ರಯ. ಮಳೆ ಬಂದರೆ ಎದುರಿನ ಕಬ್ಬಿನ ಟ್ರ್ಯಾಕ್ಟರ್ ಒಂದು ಬೆಳಕಿನ ಮುದ್ದೆ.

ಚಸ್ಮಾದ ಚೀಟಿ ಒಯ್ದು ಲೆನ್ಸ್ ಕೊಡ್ರಿ ಎಂದರೆ ನಡೆಯುವುದಿಲ್ಲ, ಇದು ನಮಗೆ ಗೊತ್ತಿರಲಿಲ್ಲ. ಚಸ್ಮಾ ಕಣ್ಣಿನಿಂದ ಒಂದು ಬೆರಳು ದೂರ ಕೂಡುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂಡುತ್ತದೆ. ಹಾಗಾಗಿ ನಂಬರ್ ಬೇರೆ. ನಮ್ಮ ಚಸ್ಮಾ ಮೈನಸ್ 5, ಲೆನ್ಸ್ ಮೈನಸ್ 4.75. ಕಣ್ಣಿನ ಉಬ್ಬು ಎಷ್ಟು ಎಂದು ಯಂತ್ರದಲ್ಲಿ ಅಳೆಯಬೇಕು, ಕಣ್ಣೀರು ಸಾಕಷ್ಟಿದೆಯೋ ನೋಡಬೇಕು, ಹಾಕಿಸಿ ಸ್ವಲ್ಪ ಹೊತ್ತು ಕೂಡಿಸಿ ಮತ್ತೆ ನೋಡಬೇಕು. ಸಿಲಿಂಡರ್ ನಂಬರ್ ಇದ್ದವರಿಗೆ ಟೋರಿಕ್ ಎನ್ನುವ ಬೇರೆ ಲೆನ್ಸ್, ಅದನ್ನು ಬಹಳ ಸಲ ತರಿಸಬೇಕಾಗುತ್ತದೆ. ದಿನಕ್ಕೊಂದು ಜೋಡಿ ಹಾಕಿ ಒಗೆಯುವುದು ಎಲ್ಲಕ್ಕಿಂತ ಸುರಕ್ಷಿತ, ಎಲ್ಲಕ್ಕಿಂತ ತುಟ್ಟಿ. ಸುದ್ದಿಗೆ ಇಷ್ಟು ಎಂದು ಎಣಿಸಿ ಕೊಡುವ ನಮ್ಮ ಸಂಭಾವನೆಗೆ ತಿಂಗಳ ಲೆನ್ಸೇ ಗತಿ.

ಮೊದಲ ದಿನ ಹಾಕಿಕೊಂಡು ಹೊರಗೆ ಬಂದಾಗ ಎದುರಿನ ಬೇವಿನ ಗಿಡದ ಒಂದೊಂದು ಎಲೆಯೂ ಬೇರೆ ಬೇರೆ ಕಂಡಿತು. ಬದಿಗೆ ಫ್ರೇಮ್ ಇಲ್ಲ, ಮೂಗಿನ ಮೇಲೆ ಭಾರ ಇಲ್ಲ. ಆ ಸುಖವನ್ನು ಸುಳ್ಳು ಅನ್ನಲಾರೆವು.

ಈ ಮೆತ್ತನೆ ಲೆನ್ಸ್ ಹುಟ್ಟಿದ ಕಥೆ ನಮ್ಮ ಮಗ್ಗದ ಊರಿನವರಿಗೆ ಸೇರಬಹುದು. ಚೆಕೊಸ್ಲೊವಾಕಿಯಾದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ ಮಕ್ಕಳ ಜೋಡಣೆ ಆಟಿಕೆಯ ಪಟ್ಟಿ, ನಟ್ಟು-ಬೋಲ್ಟು ಕೂಡಿಸಿ, ಸೈಕಲ್ ಡೈನಮೊ ಕಟ್ಟಿ ತಿರುಗಿಸಿ ಲೆನ್ಸ್ ಎರಕ ಹೊಯ್ದ. ಅದು ನೀರು ಕುಡಿದು ಮೆತ್ತಗಾಗುವ ಪ್ಲಾಸ್ಟಿಕ್ಕು. ನೀರು ಕುಡಿಯುತ್ತದೆ ಅನ್ನುವುದೇ ಅದರ ಗುಣ, ಅದೇ ಅದರ ಗಂಡಾಂತರ. ಕೊಳೆ ನೀರು ಸಿಕ್ಕರೆ ಅದನ್ನೂ ಕುಡಿದು ಕಣ್ಣಿಗೆ ಒತ್ತಿ ಹಿಡಿಯುತ್ತದೆ.

2019ರ ಆಗಸ್ಟ್. ಕೃಷ್ಣಾ, ಘಟಪ್ರಭಾ ಎರಡೂ ಏರಿದ್ದವು. ಮುಧೋಳ–ಯಾದವಾಡ ಸೇತುವೆ ಮುಳುಗಿತ್ತು, ಜಮಖಂಡಿ ಕಡೆ ಹೊಳಿ ದಂಡೆಯ ಊರುಗಳಿಗೆ ದೋಣಿ. ನಾವು ಒಂದು ದೋಣಿ ಹತ್ತಿ ಫೋಟೋ ತೆಗೆಯುವಾಗ ಹೊಳಿ ನೀರು ಮುಖಕ್ಕೆ ಸಿಡಿಯಿತು. ಒದ್ದೆ ಕೈಯಿಂದಲೇ ಕಣ್ಣು ಉಜ್ಜಿಕೊಂಡೆವು. ರಾತ್ರಿ ಗಂಜಿ ಕೇಂದ್ರದ ಶಾಲೆಯಲ್ಲಿ ಲೆನ್ಸ್ ತೆಗೆಯದೆ ಮಲಗಿದೆವು. ಬೆಳಿಗ್ಗೆ ನೋಡಿದರೆ ದ್ರಾವಣದ ಬಾಟ್ಲಿ ಖಾಲಿ. ಡಬ್ಬಿಗೆ ಕುಡಿಯುವ ನೀರು ಹಾಕಿ ಲೆನ್ಸ್ ಅದ್ದಿ, ಮತ್ತೆ ಹಾಕಿಕೊಂಡೆವು. ಇವುಗಳಲ್ಲಿ ಒಂದೇ ತಪ್ಪು ಸಾಕಿತ್ತು.

ಎರಡು ದಿನಕ್ಕೆ ಕಣ್ಣು ಕೆಂಡ. ಬೆಳಕು ನೋಡಲು ಆಗದು. ಔಷಧ ಅಂಗಡಿಯೊಂದರಲ್ಲಿ ಕೇಳಿದೆವು, ಒಂದು ಹನಿ ಔಷಧ ಕೊಟ್ಟರು. ಮೊದಲ ದಿನ ಕೆಂಪು ಇಳಿಯಿತು, ಸುದ್ದಿಗೆ ಓಡಿದೆವು. ಮೂರನೇ ದಿನ ಕಣ್ಣಲ್ಲಿ ಮುಳ್ಳು ಮುರಿದಂಥ ನೋವು, ಮುಂದೆ ಮಂಜು. ಹುಬ್ಬಳ್ಳಿಗೆ ಒಯ್ದರು. ಡಾಕ್ಟರು ಮೊದಲು ಕೇಳಿದ್ದು ಆ ಹನಿಯ ಬಾಟ್ಲಿ. ಅದರಲ್ಲಿ ಸ್ಟಿರಾಯ್ಡ್ ಇತ್ತು. ಕೆಂಪು ಇಳಿಸುತ್ತದೆ, ಒಳಗಿನ ಸೋಂಕನ್ನು ಬೆಳೆಯಲು ಬಿಡುತ್ತದೆ. ಕರಿಗುಡ್ಡೆಯ ಹುಣ್ಣನ್ನು ಕೆರೆದು ಪರೀಕ್ಷೆಗೆ ಕಳಿಸಿದರು. ಬ್ಯಾಕ್ಟೀರಿಯಾ ಎಂದು ಬಂತು. "ಬೇರೆ ನಮೂನೆ ನೀರಿನ ಜೀವಿ ಇತ್ತಂದ್ರ ತಿಂಗಳಾನುಗಟ್ಲೆ ಆಗ್ತಿತ್ತು, ನಿಮ್ಮ ಪುಣ್ಯ" ಎಂದರು. ತಾಸಿಗೊಮ್ಮೆ ಹನಿ, ರಾತ್ರಿಯೂ. ಅವ್ವ ಮೊಬೈಲ್ ಅಲಾರಾಂ ಇಟ್ಟುಕೊಂಡು ಎದ್ದು ಎದ್ದು ಹಾಕಿದಳು. ಆಕೆಗೆ ಓದು ಬಾರದು. ಕೆಂಪು ಮುಚ್ಚಳದ್ದು, ನೀಲಿ ಮುಚ್ಚಳದ್ದು ಎಂದು ಗುರುತು ಹಿಡಿದಿದ್ದಳು.

ಕಲೆ ಅಂಚಿನಲ್ಲಿ ಉಳಿಯಿತು. ನಡುವೆ ಆಗಿದ್ದರೆ ಈ ಬರಹವನ್ನು ಒಂದೇ ಕಣ್ಣಲ್ಲಿ ಬರೆಯುತ್ತಿದ್ದೆವು. ಈಗ ಚಸ್ಮಾಕ್ಕೇ ಮರಳಿದ್ದೇವೆ.

ಇಷ್ಟೆಲ್ಲ ತಂಗಿಗೆ ಗೊತ್ತಿತ್ತು. ಆದರೂ ಕೇಳಿದಳು ಅಂದರೆ ಆಕೆಗೆ ಎಷ್ಟು ಒತ್ತಡ ಇರಬೇಕು. ಬೇಡ ಅನ್ನಲಿಲ್ಲ. ಶುಕ್ರವಾರ ಬೈಕ್ ಮೇಲೆ ಜಮಖಂಡಿಗೆ ಕರೆದೊಯ್ದು ತೋರಿಸಿದೆವು. ಸಿಲಿಂಡರ್ ಇತ್ತು, ಲೆನ್ಸ್ ತರಿಸಬೇಕು, ಐತವಾರದೊಳಗೆ ಬರುವುದಿಲ್ಲ ಎಂದರು. ಗೆಳತಿಯೊಬ್ಬಳು ಬಣ್ಣದ ಲೆನ್ಸ್ ಕೊಡುತ್ತೇನೆ, ಒಂದು ದಿನಕ್ಕೆ ಏನಾಗುತ್ತದೆ ಅಂದಿದ್ದಳಂತೆ. ಅದಕ್ಕೆ ಮಾತ್ರ ನಾವು ಬೀದಿಯಲ್ಲೇ ದನಿ ಏರಿಸಿದೆವು. ಒಬ್ಬರ ಕಣ್ಣಲ್ಲಿದ್ದದ್ದನ್ನು ಇನ್ನೊಬ್ಬರು ಹಾಕಿಕೊಳ್ಳುವುದು ಎಂಜಲು ಹಲ್ಲುಜ್ಜುವ ಬ್ರಷ್‌ಗಿಂತ ಕೆಟ್ಟದ್ದು.

ಐತವಾರ ಆಕೆ ಚಸ್ಮಾ ಹಾಕಿಕೊಂಡೇ ಚಹಾ ಕೊಟ್ಟಳು. ಬಂದವರು ಫೋನ್ ಮಾಡ್ತೀವಿ ಅಂದರು, ಮಾಡಲಿಲ್ಲ. ಚಿಗವ್ವ ನಮ್ಮ ಜೊತೆ ಇಪ್ಪತ್ತು ದಿನ ಮಾತಾಡಲಿಲ್ಲ. "ನೀ ಗಂಡಸು, ನಿನಗೇನ ಗೊತ್ತು" ಅಂದಳು ಕೊನೆಗೆ. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವರು ಫೋನ್ ಮಾಡದ್ದು ಚಸ್ಮಾಕ್ಕೋ, ಬಂಗಾರಕ್ಕೋ, ಯಾರು ಹೇಳಬೇಕು.

ಲೆನ್ಸ್ ಮುಂದಿನ ವಾರ ಬಂತು. ಹಾಕುವುದು ತೆಗೆಯುವುದು ಕಲಿಸಿ ಕಳಿಸಿದರು. ನಮ್ಮ ಕಡೆಯಿಂದ ಹೇಳಿದ್ದು ನಮ್ಮ ಊರಿನ ಮಾತು. ಮಗ್ಗದ ಶೆಡ್ಡಿಗೆ ಹೋಗುವಾಗ ಚಸ್ಮಾ, ಅಲ್ಲಿ ನೂಲಿನ ಧೂಳು ಗಾಳಿಯಲ್ಲೇ ಇರುತ್ತದೆ. ಕಬ್ಬಿನ ಗದ್ದೆಗೂ ಚಸ್ಮಾ, ರವದಿ ತಾಗಿ ಕಣ್ಣು ಗೀರಿದರೆ ಬೂಸ್ಟಿನ ಸೋಂಕು ಹತ್ತಬಹುದು, ಅದು ಬೇಗ ವಾಸಿಯಾಗುವುದಿಲ್ಲ. ಹೋಳಿ ಬಣ್ಣಕ್ಕೆ ಲೆನ್ಸ್ ಬೇಡ. ಜಳಕಕ್ಕೆ ಬೇಡ, ಹೊಳಿಗೆ ಬೇಡವೇ ಬೇಡ. ಖಾರ ಮುಟ್ಟಿದ ಕೈ ಎಷ್ಟು ತೊಳೆದರೂ ಸಂಶಯ, ಹಾಗಾಗಿ ಅಡಿಗೆಗೆ ಮೊದಲೇ ಹಾಕಿಕೋ, ಕಾಡಿಗೆ ಆಮೇಲೆ ಹಚ್ಚು. ನಿನ್ನೆಯ ದ್ರಾವಣದ ಮೇಲೆ ಇವತ್ತಿನದು ಸುರಿಯಬೇಡ, ಚೆಲ್ಲು. ಮಲಗುವಾಗ ತೆಗಿ. ಕಣ್ಣು ಕೆಂಪಾದರೆ ಮೊದಲು ಲೆನ್ಸ್ ತೆಗಿ, ಅಂಗಡಿಗೆ ಹೋಗಬೇಡ, ನಮಗೆ ಫೋನ್ ಮಾಡು, ರಾತ್ರಿ ಎರಡಾದರೂ ಸರಿ, ಡಾಕ್ಟರ ಕಡೆ ಹೋಗೋಣ.

ಸಂಕ್ರಾಂತಿ ಆದ ಮೇಲೆ ಇನ್ನೊಂದು ಕಡೆಯವರು ಬಂದರು. ಆ ದಿನ ಲೆನ್ಸ್ ಹಾಕಿಕೊಂಡಿದ್ದಳು, ಅವ್ವನ ಮಾತಿಗೆ. ಹುಡುಗನ ಅಕ್ಕ "ಕಣ್ಣ ಚಂದ ಅದಾವ" ಅಂದಾಗ, "ಲೆನ್ಸ್ ಹಾಕ್ಕೊಂಡೀನ್ರೀ, ದಿನಾ ಚಸ್ಮಾ" ಅಂದುಬಿಟ್ಟಳಂತೆ. ಚಿಗವ್ವ ಅಡಿಗೆಮನೆಗೆ ಹೋಗಿ ಕೂತಳು. ಮಾತುಕತೆ ಇನ್ನೂ ನಡೆದಿದೆ.

ಮೊನ್ನೆ ಮತ್ತೆ ಫೋನ್ ಬಂತು. ಆ ವಿಷಯಕ್ಕೆ ಇರಬೇಕು ಎಂದು ಎದ್ದು ಹೊರಗೆ ಬಂದು ಎತ್ತಿದೆವು.

"ಅಣ್ಣಾ, ದ್ರಾವಣದ ಬಾಟ್ಲಿ ಒಡದು ಮೂರು ತಿಂಗಳಾತು. ಇನ್ನೂ ಅರ್ಧ ಐತಿ. ಚೆಲ್ಲಲೇನು?"

"ಚೆಲ್ಲವಾ."

"ಇನ್ನೂರು ರೂಪಾಯಿ ಮ್ಯಾಲ ಐತದು."

"ಚೆಲ್ಲು. ಡಬ್ಬಿನೂ ಹೊಸಾದು ತಗೋ."