ಮೊದಲ ಸ್ಥಾನ ಬ್ಯಾಬಿಲೋನಿಗೆ

ಸಿವಿಲೈಸೇಶನ್ 6 ಆಡೋರು ಇಬ್ಬರು ಸೇರಿದರೆ ಒಂದೇ ಜಗಳ: ಯಾವ ನಾಗರಿಕತೆ ಎಲ್ಲಕ್ಕಿಂತ ಬಲಶಾಲಿ? ನನ್ನ ಪಟ್ಟಿಯಲ್ಲಿ ಮೂರನೆಯದು ಕೊರಿಯಾ. ಗುಡ್ಡದ ಮೇಲೆ ಸೊವೊನ್ ಕಟ್ಟಿದರೆ ವಿಜ್ಞಾನ ಓಡುತ್ತೆ. ಎರಡನೆಯದು ರಷ್ಯಾ. ಊರು ಸ್ಥಾಪಿಸಿದ ಕೂಡಲೇ ಹೆಚ್ಚುವರಿ ನೆಲ ಸಿಗುತ್ತೆ, ಬೇರೆಯವರು ಮೂಗು ಮುರಿಯೋ ಟುಂಡ್ರಾದಲ್ಲೂ ಲಾಭ.

ಮೊದಲನೆಯದು 2020ರಲ್ಲಿ ಬಂದ ಬ್ಯಾಬಿಲೋನ್. ಪ್ರತಿ ಟರ್ನಿಗೆ ಸಿಗೋ ವಿಜ್ಞಾನ ಅರ್ಧಕ್ಕರ್ಧ ಕಡಿತ. ಅಂಕಿ ನೋಡಿದರೆ ಯಾರೂ ಮುಟ್ಟಲ್ಲ. ಆದ್ರೆ ಕೆಲಸ ಮಾಡಿ ತೋರಿಸಿದರೆ ತಂತ್ರಜ್ಞಾನ ಪೂರ್ತಿ ಕೈಗೆ ಬರುತ್ತೆ. ಕಡಲ ದಂಡೆಯಲ್ಲಿ ಊರು ಕಟ್ಟಿದ್ರೆ ಸೇಲಿಂಗ್, ಕಲ್ಲು ಕ್ವಾರಿ ತೆರೆದ್ರೆ ಮೇಸನ್ರಿ. ಮಿಕ್ಕ ಬಹುತೇಕರಿಗೆ ಅದೇ ಕೆಲಸಕ್ಕೆ ಸಿಗೋದು ಬರೀ 40% ರಿಯಾಯಿತಿ.

ಕಳೆದ ತಿಂಗಳು ಟೀಮಿಗೆ ಹೊಸಬರನ್ನ ಆರಿಸುವಾಗ, ಮಾರ್ಕ್ಸ್ ಕಡಿಮೆ ಅಂತ ಒಬ್ಬ ಹುಡುಗಿಯ ರೆಸ್ಯೂಮೆ ಬದಿಗಿಟ್ಟೆ. ಆಕೆ ತಾನೇ ಮಾಡಿದ್ದ ಪ್ರಾಜೆಕ್ಟುಗಳು ಎರಡನೇ ಪುಟದಲ್ಲಿದ್ದವು. ನಾನು ಪುಟ ತಿರುಗಿಸಲೇ ಇಲ್ಲ. ವಾರದ ನಂತರ, ರಾತ್ರಿ ಹನ್ನೆರಡಕ್ಕೆ ಬ್ಯಾಬಿಲೋನ್ ಆಡ್ತಾ ಇದ್ದಾಗ ಅದು ನೆನಪಾಯ್ತು. ಬೆಳಗ್ಗೆ ಹೋಗಿ ಓದಿದೆ, ಫೋನ್ ಮಾಡಿದೆ.

“ಸರ್, ಸೋಮವಾರ ಬೇರೆ ಕಡೆ ಸೇರಿಕೊಂಡೆ” ಅಂದಳು.

ಆಟದಲ್ಲಿ ಮೊದಲ ಸ್ಥಾನ ಕೊಟ್ಟ ಗುಣವನ್ನ ಆಫೀಸಿನಲ್ಲಿ ನಾನೇ ಬಾಗಿಲಿಂದ ವಾಪಸ್ ಕಳಿಸಿದ್ದೆ. ಈಗ ಎರಡನೇ ಪುಟ ಮೊದಲು ಓದ್ತೀನಿ.