ಗಾಡಿಗೊಂದಲ್ಲ, ತಲೆಗೊಂದು

ನಮ್ಮ ಗಡಿನಾಡಿನ ಪೇಟೆಗಳಲ್ಲಿ ಒಂದು ಮೋಟಾರ್ ಸೈಕಲ್ಲು ದಿನಕ್ಕೆ ಎಷ್ಟು ಕೆಲಸ ಮಾಡುತ್ತದೆ ಎಂದು ಲೆಕ್ಕ ಹಾಕಿ ನೋಡಿದವರು ಕಡಿಮೆ. ಬೆಳಗಿನಲ್ಲಿ ಮನೆಯವರನ್ನು ಬಸದಿಗೆ ಕರೆದೊಯ್ಯುವುದು ಅದೇ, ಮಕ್ಕಳನ್ನು ಶಾಲೆಗೆ ಬಿಡುವುದೂ ಅದೇ. ಅಂಗಡಿಯ ಬಾಗಿಲು ತೆರೆದ ಮೇಲೆ ಎಣ್ಣೆ ಡಬ್ಬಿ, ಸಕ್ಕರೆ ಚೀಲ ಹೊತ್ತು ಗಿರಾಕಿಗಳ ಮನೆಗೆ ಹೋಗುವುದು, ಮಧ್ಯಾಹ್ನ ಉದ್ರಿ ವಸೂಲಿಗೆ ಹಳ್ಳಿಯ ಹಾದಿ ಹಿಡಿಯುವುದು, ಎಲ್ಲವೂ ಅದೇ. ಶ್ರೀಮಂತ ದೇಶಗಳಲ್ಲಿ ಈ ವಾಹನ ಬಹುಮಟ್ಟಿಗೆ ಹವ್ಯಾಸದ ವಸ್ತು. ಭಾರತ, ವಿಯೆಟ್ನಾಂ, ಇಂಡೋನೇಷ್ಯಾಗಳಂತಹ ದೇಶಗಳಲ್ಲಿ ಅದು ಸಂಸಾರದ ಎತ್ತು.

ಅಕ್ಕಲಕೋಟೆ ತಾಲೂಕಿನಲ್ಲಿ ನಮ್ಮದು ಕಿರಾಣಿ ವ್ಯಾಪಾರ. ಅಜ್ಜನ ಕಾಲಕ್ಕೆ ಸೈಕಲ್ಲು, ಅಪ್ಪನ ಕಾಲಕ್ಕೆ ಸ್ಕೂಟರು. ಈಗ ಮನೆಯಲ್ಲಿ ಮೂರು ಗಾಡಿಗಳು, ಒಂಬತ್ತು ಜನ. ಈ ಮೂರು ಮತ್ತು ಒಂಬತ್ತರ ಲೆಕ್ಕವನ್ನೇ ವಾಚಕ ಬಂಧುಗಳ ಮುಂದೆ ಇಡಬೇಕೆಂದಿದ್ದೇವೆ.

ಕೇಂದ್ರ ಸರಕಾರದ ಅಂಕಿ ಅಂಶಗಳ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 74,897 ಜನ ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರ ಸಂಖ್ಯೆ 50,029. ಇಷ್ಟನ್ನು ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು. ಆದರೆ ಅದರೊಳಗೆ ಇನ್ನೊಂದು ಅಂಕಿ ಅಡಗಿದೆ: ಆ ಐವತ್ತು ಸಾವಿರದಲ್ಲಿ 14,337 ಜನ ಗಾಡಿ ಓಡಿಸುತ್ತಿದ್ದವರೇ ಅಲ್ಲ, ಹಿಂದೆ ಕುಳಿತವರು. ಯಾರು ಹಿಂದೆ ಕೂಡುತ್ತಾರೆಂಬುದನ್ನು ನಾವು ಹೇಳಬೇಕಾಗಿಲ್ಲ. ತಾಯಿ, ಹೆಂಡತಿ, ಮಗಳು, ಶಾಲೆಯ ಹುಡುಗ, ಚೀಲ ಹಿಡಿದುಕೊಳ್ಳಲು ಬಂದ ಅಂಗಡಿಯ ಆಳು.

ನಮ್ಮ ಸೋದರತ್ತೆ ಹೀಗೆ ಹಿಂದೆ ಕುಳಿತವರೇ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಅವರು ಮಗನೊಡನೆ ಸ್ವಂತ ಅಂಗಡಿ ನಡೆಸಿದರು. ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಇನ್ನೂರು ಮನೆಗಳ ಉದ್ರಿ ಅವರ ಬಾಯಲ್ಲಿತ್ತು. ಖಾತೆ ಪುಸ್ತಕ ತೆರೆಯುವ ಮೊದಲೇ, ಯಾರದು ಎಷ್ಟು, ಯಾವ ಸುಗ್ಗಿಯಿಂದ ಬಾಕಿ ಎಂದು ಹೇಳಿಬಿಡುತ್ತಿದ್ದರು. 2018ರಲ್ಲಿ ದುಧನಿಯಲ್ಲಿ ಸಂಬಂಧಿಕರ ಮನೆಯ ಕುಬಸಕ್ಕೆಂದು ಮಗನ ಗಾಡಿಯ ಮೇಲೆ ಒಂದು ಬದಿಗೆ ಕಾಲು ಹಾಕಿ ಕುಳಿತು ಹೊರಟಿದ್ದರು. ಊರ ಹೊರಗೆ ಹೊಸದಾಗಿ ಹಾಕಿದ ಉಬ್ಬಿಗೆ ಬಿಳಿ ಬಣ್ಣವಿರಲಿಲ್ಲ, ಫಲಕವೂ ಇರಲಿಲ್ಲ. ಗಾಡಿಯ ವೇಗ ಮೂವತ್ತೂ ಇರಲಿಲ್ಲವೆಂದು ಅಲ್ಲಿದ್ದವರು ಹೇಳಿದರು. ಅತ್ತೆ ಹಿಂದಕ್ಕೆ ಬಿದ್ದರು. ಮಗನೂ ಬಿದ್ದ. ಗಾಡಿಯೊಡನೆ ಬಂದಿದ್ದ ಒಂದೇ ಹೆಲ್ಮೆಟ್ ಅವನ ತಲೆಯ ಮೇಲಿತ್ತು. ಅದು ಸೀಳಿತು, ಅವನಿಗೆ ಮೊಣಕೈ ತರಚಿದ್ದಷ್ಟೇ. ಅತ್ತೆ ಸೊಲ್ಲಾಪುರದಲ್ಲಿ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು.

ಅವರು ಉಳಿದರು. ಈಗಲೂ ಅಂಗಡಿಗೆ ಬಂದು ಗಲ್ಲೆಯ ಹತ್ತಿರ ಕೂಡುತ್ತಾರೆ. "ಮೈಂದರ್ಗಿ ರೊಕ್ಕ ಬಂತೇನೋ?" ಎಂದು ಕೇಳುತ್ತಾರೆ. ಬಂತು ಎಂದು ಮಗ ಹೇಳುತ್ತಾನೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಆ ಮೈಂದರ್ಗಿಯ ಬಾಕಿ ತೀರಿ ವರ್ಷಗಳೇ ಆಗಿವೆ.

ಹೆಲ್ಮೆಟ್ ಒಳಗೆ ಏನು ನಡೆಯುತ್ತದೆಂಬುದನ್ನು ನಮ್ಮ ವ್ಯಾಪಾರಸ್ಥರಿಗೆ ತಿಳಿಸುವುದು ಕಷ್ಟವಲ್ಲ. ಚಹಾ ಕಪ್ಪುಗಳ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿರುತ್ತಾರಲ್ಲ, ಅದೇ ಕೆಲಸ. ಮೇಲಿನ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಒಳಗಿನ ದಪ್ಪ ಥರ್ಮಾಕೋಲು ಜಜ್ಜಿಹೋಗುತ್ತ ತಲೆಯನ್ನು ಒಮ್ಮೆಲೇ ನಿಲ್ಲಿಸದೆ ತುಸು ತಡೆದು ನಿಲ್ಲಿಸುತ್ತದೆ. ಆ ತುಸು ಹೊತ್ತಿನಲ್ಲಿಯೇ ಮೆದುಳು ಉಳಿಯುವುದು. ಒಮ್ಮೆ ಜಜ್ಜಿದ ಥರ್ಮಾಕೋಲು ಮತ್ತೆ ಉಬ್ಬುವುದಿಲ್ಲವಾದ್ದರಿಂದ, ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಅದರ ಆಯುಷ್ಯ ಮುಗಿಯಿತು. ಗದ್ದದ ಕೆಳಗಿನ ಪಟ್ಟಿ ಬಿಗಿಯದಿದ್ದರೆ ತಲೆ ನೆಲಕ್ಕೆ ಬಡಿಯುವ ಮೊದಲೇ ಹೆಲ್ಮೆಟ್ ಹಾರಿಹೋಗುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಅಪಾಯ ನೂರಕ್ಕೆ 42ರಷ್ಟು, ತಲೆಪೆಟ್ಟಿನ ಅಪಾಯ ನೂರಕ್ಕೆ 69ರಷ್ಟು ಕಡಿಮೆಯೆಂದು ಹೇಳಿತು.

ಆದರೆ ರಸ್ತೆಯ ಬದಿಯಲ್ಲಿ ಇನ್ನೂರು ರೂಪಾಯಿಗೆ ಸಿಗುವ ಟೊಪ್ಪಿಗೆಗಳಲ್ಲಿ ಆ ಥರ್ಮಾಕೋಲೇ ಇರುವುದಿಲ್ಲ, ತೆಳುವಾದ ಸ್ಪಂಜು ಇರುತ್ತದೆ. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ಮಾರುವುದಕ್ಕೆ ಕಾನೂನಿನ ಅನುಮತಿಯಿಲ್ಲ, ಐ.ಎಸ್. 4151 ಎಂಬ ಸಂಖ್ಯೆ ಅದರ ಮೇಲಿರಬೇಕು. ಆದರೂ ಮಾರಾಟ ನಿಂತಿಲ್ಲ. 2019ರ ತಿದ್ದುಪಡಿ ಒಂದು ಸಾವಿರ ರೂಪಾಯಿ ದಂಡವಿಟ್ಟ ಮೇಲೆ ಪೊಲೀಸರಿಗೆ ತೋರಿಸಲೆಂದೇ ಇಂಥವನ್ನು ಕೊಳ್ಳುವವರು ಹೆಚ್ಚಾದರು. ಎಣ್ಣೆಯಲ್ಲಿ ಕಲಬೆರಕೆಯನ್ನು ಮೂಗಿನಿಂದಲೇ ಹಿಡಿಯುವ ನಮ್ಮ ಜನ ಇಲ್ಲಿ ಹೇಗೆ ಮೋಸ ಹೋಗುತ್ತಾರೋ!

ಬಡ ದೇಶಗಳಲ್ಲಿ ಇದೆಲ್ಲ ಆಗುವ ಮಾತಲ್ಲ ಎನ್ನುವವರಿಗೆ ವಿಯೆಟ್ನಾಮಿನ ಸಂಗತಿ ಹೇಳಬೇಕು. ಅಲ್ಲಿ ಜನರು ಹೆಲ್ಮೆಟ್ಟನ್ನು ಅನ್ನದ ಕುಕ್ಕರ್ ಎಂದು ಗೇಲಿ ಮಾಡುತ್ತಿದ್ದರು. 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲಿ, ಓಡಿಸುವವರಿಗೂ ಹಿಂದೆ ಕುಳಿತವರಿಗೂ ಒಂದೇ ದಿನ ಕಡ್ಡಾಯವಾಯಿತು. ಬಳಕೆ ಬೇಗನೆ ನೂರಕ್ಕೆ 90ನ್ನು ದಾಟಿತು. ಇಪ್ಪತ್ತು ಆಸ್ಪತ್ರೆಗಳ ದಾಖಲೆಗಳನ್ನು ಹೋಲಿಸಿದಾಗ, ಅಪಘಾತವಾಗಿ ಬಂದವರಲ್ಲಿ ತಲೆಪೆಟ್ಟಿನ ಅಪಾಯ ನೂರಕ್ಕೆ 16, ಸಾವಿನ ಅಪಾಯ ನೂರಕ್ಕೆ 18 ಇಳಿದಿತ್ತು. ಅಲ್ಲಿ ಹಿಂದುಳಿದದ್ದು ಮಕ್ಕಳ ವಿಷಯ. ಹೆಲ್ಮೆಟ್ ಭಾರಕ್ಕೆ ಎಳೆಯ ಕುತ್ತಿಗೆಗೆ ಪೆಟ್ಟಾಗುತ್ತದೆಂಬ ಸುದ್ದಿ ಹಬ್ಬಿ, ಅಪ್ಪ ಅಮ್ಮಂದಿರು ತಾವು ಧರಿಸಿ ಮಕ್ಕಳನ್ನು ಬರಿದಲೆಯಲ್ಲಿ ಕೂಡಿಸಿಕೊಂಡು ಹೋದರು. ನಮ್ಮಲ್ಲಿಯೂ ಇದೇ ನೋಟ. ನಮ್ಮ ಕಾನೂನಿನಲ್ಲಿ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಬೇಕು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಓಡಿಸುವವನೊಡನೆ ಕಟ್ಟುವ ಪಟ್ಟಿ, ಚಿಕ್ಕ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಎಂದು 2022ರಲ್ಲಿ ನಿಯಮ ಹೊರಟು ಮರುವರ್ಷ ಜಾರಿಗೆ ಬಂತು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ 2016ರ ಜನವರಿಯಲ್ಲಿ ಕಡ್ಡಾಯ ಮಾಡಿದಾಗ, ಇಂಡಿ, ಆಳಂದ ಕಡೆಗೆ ಹೋಗುವ ನಮ್ಮೂರವರು ಗಡಿ ದಾಟುವಾಗ ಮಾತ್ರ ಹೆಂಡತಿಯ ತಲೆಗೆ ಹೆಲ್ಮೆಟ್ ಏರಿಸುವುದನ್ನು ಕಂಡಿದ್ದೇವೆ. ಗಡಿಯ ಈಚೆಗೆ ತಲೆ ಗಟ್ಟಿಯಾಗುತ್ತದೆಯೇನೋ!

ಅತ್ತೆಯ ಅಪಘಾತದ ನಂತರ ನಾವು ಮನೆಯಲ್ಲಿ ತಲೆಗಳನ್ನು ಎಣಿಸಿದೆವು. ಒಂಬತ್ತು ತಲೆಗೆ ಒಂಬತ್ತು ಅಳತೆ. ಹೆಣ್ಣುಮಕ್ಕಳದೇ ದೊಡ್ಡ ಚರ್ಚೆಯಾಯಿತು. ನಮ್ಮ ಅವ್ವ ಹೇಳಿದರು:

"ಹಿರ್ಯಾರ ಮುಂದ ತಲಿ ಮ್ಯಾಲ ಸೆರಗ ಇಲ್ಲದ ಎಂದೂ ಹೊಂಟಾಕಿ ಅಲ್ಲ. ಇದನ್ನ ಎಲ್ಲಿ ಇಟ್ಕೊಳ್ಳಲಿ?"

ನಮ್ಮ ವೈನಿ ನಗುತ್ತಲೇ ಉತ್ತರ ಕೊಟ್ಟರು: "ದಾರ್ಯಾಗ ಸೆರಗ ಹೆಗಲ ಮ್ಯಾಲ ಇರ್ಲಿ ಅತ್ತಿ. ಊರ ಅಗಸ್ಯಾಗ ಇಳದು ಹೊದ್ಕೊಳ್ರಿ. ನಡುವ ಹೊಲದಾಗ ಯಾವ ಹಿರ್ಯಾರ ನಿಂತಿರ್ತಾರ?"

ತುರುಬು ಎತ್ತರವಾದರೆ ಹೆಲ್ಮೆಟ್ ಕೂಡುವುದಿಲ್ಲ. ಜಡೆ ಹಾಕಿಕೊಳ್ಳಬೇಕು ಅಥವಾ ತುರುಬು ಕತ್ತಿನ ಮೇಲೆ ಇಳಿದಿರಬೇಕು. ನಮ್ಮ ಬೇಸಿಗೆಯಲ್ಲಿ ಬೆವರಿಗೆ ಒಳಗೊಂದು ತೆಳು ಹತ್ತಿ ಬಟ್ಟೆ. ಸೆರಗು ಗಾಲಿಗೆ ಸಿಕ್ಕದಂತೆ ಹಿಂದಿನ ಗಾಲಿಯ ಅರ್ಧದಷ್ಟನ್ನಾದರೂ ಮುಚ್ಚುವ ಜಾಳಿಗೆ, ಹಿಂದೆ ಕೂಡುವವರಿಗೆ ಹಿಡಿಕೆ, ಕಾಲಿಡುವ ಮೆಟ್ಟು ಇರಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಂದ ಕೆಡುತ್ತದೆಂದು ಹುಡುಗರು ಮೊದಲು ಬಿಚ್ಚಿ ಹಾಕುವುದು ಆ ಜಾಳಿಗೆಯನ್ನೇ. ನಮ್ಮ ಮನೆಯಲ್ಲಿ ಅದಕ್ಕೆ ಅಪ್ಪಣೆಯಿಲ್ಲ.

ಅಂಗಡಿಯಲ್ಲಿ ಗಾಡಿಯ ಕೀಲಿಯೂ ಹೆಲ್ಮೆಟ್ಟೂ ಒಂದೇ ಮೊಳೆಗೆ ನೇತಾಡುತ್ತವೆ. ಒಂದನ್ನು ಬಿಟ್ಟು ಒಂದು ಹೊರಡಬಾರದು. ಆಳುಗಳಿಗೂ ಇದೇ ಮಾತು. ಹದಿನೈದು ಕಿಲೋ ಎಣ್ಣೆ ಡಬ್ಬಿಯನ್ನು ಹ್ಯಾಂಡಲಿಗೆ ನೇತುಹಾಕಿದರೆ ತಿರುವಿನಲ್ಲಿ ಡಬ್ಬಿ ಒಂದು ಕಡೆ, ಗಾಡಿ ಇನ್ನೊಂದು ಕಡೆ ಎಳೆಯುತ್ತದೆ. ಆದ್ದರಿಂದ ಹಿಂದಿನ ಕ್ಯಾರಿಯರಿಗೆ ಕಟ್ಟಿದಷ್ಟೇ ಸಾಮಾನು. ಉಳಿದದ್ದಕ್ಕೆ ಎರಡನೆಯ ಸುತ್ತು. ಪೆಟ್ರೋಲು ಹೆಚ್ಚಾಯಿತು. ಇದನ್ನು ಯಾವ ಖಾತೆಗೆ ಬರೆಯಬೇಕೆಂದು ಗುಮಾಸ್ತರು ಕೇಳಿದಾಗ ಅಪ್ಪ, "ವಿಮಾ ಕಂತಿನ ಕೆಳಗ ಬರೀರಿ" ಎಂದರು.

ಇನ್ನು ಸಂಜೆಯ ಮಾತು. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮ ನಮ್ಮ ಅನೇಕ ಮನೆಗಳಲ್ಲಿದೆ. ಚಳಿಗಾಲದಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ವಸೂಲಿಗೆ ಹೋದವರು ಐದೂವರೆಗೆ ಗಾಡಿಯನ್ನು ಓಡಿಸುವ ರೀತಿ ನೋಡಬೇಕು. ಅದೇ ಹೊತ್ತಿಗೆ ಕಬ್ಬಿನ ಸುಗ್ಗಿ. ಸೊಲ್ಲಾಪುರ ಜಿಲ್ಲೆಯ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಟ್ರಾಲಿಗಳು, ಎತ್ತಿನ ಗಾಡಿಗಳು ಕಬ್ಬು ಹೊತ್ತು ಸಾಲಾಗಿ ನಿಂತಿರುತ್ತವೆ. ಎದುರಿನ ಬೆಳಕು ಕಣ್ಣು ಕುಕ್ಕಿದ ಗಳಿಗೆಯಲ್ಲಿ ಅವು ಕಾಣುವುದೇ ಇಲ್ಲ. ನಮ್ಮ ಮನೆಯಿಂದ ವಸೂಲಿಗೆ ಹೋಗುವವರು ಈಗ ಬುತ್ತಿ ಕಟ್ಟಿಕೊಂಡು ಹೋಗಿ, ಹೊತ್ತಿಗೆ ಸರಿಯಾಗಿ ಯಾವುದಾದರೂ ಗಿರಾಕಿಯ ಕಟ್ಟೆಯ ಮೇಲೆ ಉಂಡು ನಿಧಾನವಾಗಿ ಬರುತ್ತಾರೆ. ನಿಯಮವೂ ಉಳಿಯಿತು, ಗಡಿಬಿಡಿಯೂ ಹೋಯಿತು. ಅಂಗಡಿಗೆ ಬರುವ ಕಬ್ಬಿನ ರೈತರ ಟ್ರಾಲಿಗೆ ಕೆಂಪು ರೇಡಿಯಂ ಪಟ್ಟಿಯನ್ನು ನಾವೇ ಅಂಟಿಸುತ್ತೇವೆ. ಅದರ ಖರ್ಚು ಒಂದು ಗಿರಾಕಿಗೆ ಕೊಡುವ ಚಹಾಕ್ಕಿಂತ ಬಹಳ ಹೆಚ್ಚಲ್ಲ.

ಹಗಲಲ್ಲೂ ದೀಪ ಹಚ್ಚಿಕೊಂಡು ಹೋದರೆ ಮೋಟಾರ್ ಸೈಕಲ್ಲು ದೂರದಿಂದಲೇ ಕಾಣುತ್ತದೆಂದು ಮಲೇಷ್ಯಾ 1992ರಲ್ಲಿಯೇ ಆ ನಿಯಮ ತಂದಿತು. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ದೀಪ ತಾನೇ ಹತ್ತಿರುತ್ತದೆ. ಮೊದಮೊದಲು ದಾರಿಯಲ್ಲಿ ಎದುರಾದವರೆಲ್ಲ ಕೈಬೆರಳು ಮಡಚಿ ಬಿಚ್ಚಿ "ಲೈಟ್ ಹತ್ತೇತ್ರೀ" ಎಂದು ಸನ್ನೆ ಮಾಡುತ್ತಿದ್ದರು. ಪರೋಪಕಾರಕ್ಕೆ ನಮ್ಮ ಜನ ಎಂದೂ ಹಿಂದೆ ಬಿದ್ದವರಲ್ಲ.

ಬರುವ ಮಾಘದಲ್ಲಿ ನಮ್ಮ ಅಣ್ಣನ ಮಗಳ ಮದುವೆ. ಉಡುಗೊರೆಯ ಪಟ್ಟಿಯಲ್ಲಿ ಎರಡು ಹೆಲ್ಮೆಟ್ ಬರೆದಿದ್ದೇವೆ, ಒಂದು ಅಳಿಯಂದಿರಿಗೆ, ಒಂದು ಮಗಳಿಗೆ. ಮಂಗಲ ಕಾರ್ಯದಲ್ಲಿ ಇಂಥ ವಸ್ತುವೇ ಎಂದು ಒಬ್ಬಿಬ್ಬರು ಹಿರಿಯರು ಮೂಗು ಮುರಿದರು. ಅತ್ತೆಯ ಮಗ ಎದ್ದು ನಿಂತು, ಹುಡುಗಿಯ ಹೆಲ್ಮೆಟ್ಟಿನ ರೊಕ್ಕ ತನ್ನದೆಂದು ಹೇಳಿದ ಮೇಲೆ ಯಾರೂ ಮಾತಾಡಲಿಲ್ಲ. ಜಡೆ ಹಾಕಿಸಿ, ಹಣೆಯ ಮೇಲಿನಿಂದ ಟೇಪು ಸುತ್ತಿ ಅಳತೆ ತೆಗೆದಿದ್ದೇವೆ, 56 ಸೆಂಟಿಮೀಟರ್ ಬಂದಿದೆ. ಬಣ್ಣ ಯಾವುದೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.